ಸಾಮೂಹಿಕ ಪೂಜೆ: ಬಾಗಿಲಲ್ಲಿ ನಿಂತವರನ್ನು ಮೈಕಿನಲ್ಲಿ ಕರೆಯಬೇಡಿ

ಮಾನ್ಯ ಸಂಪಾದಕರೇ,

ಶ್ರಾವಣ ಕಾಲಿಟ್ಟರೆ ಕಾರ್ತಿಕ ಮುಗಿಯುವವರೆಗೆ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸು, ಸಮುದಾಯ ಭವನ, ದೇವಸ್ಥಾನದ ಪ್ರಾಂಗಣ ಎಲ್ಲೆಲ್ಲೂ ಸಾಮೂಹಿಕ ಸತ್ಯನಾರಾಯಣ ಪೂಜೆ. ಐವತ್ತು, ನೂರು ಜೋಡಿ ಒಟ್ಟಿಗೆ ಕೂರುತ್ತಾರೆ. ಅದೇ ಹಾಲಿನ ಬಾಗಿಲಲ್ಲಿ ಚಪ್ಪಲಿ ಬಿಡಲೋ ಬೇಡವೋ ಎಂದು ನಿಂತವರೂ ಇರುತ್ತಾರೆ. ಫೋನು ಬಂತೆಂದು ಹೊರಗೆ ನಡೆದವರು ಊಟದ ಹೊತ್ತಿಗೆ ಮರಳುತ್ತಾರೆ. ಇಂಥವರಿಗೆ ಭಕ್ತಿಯಿಲ್ಲ, ಉಡಾಫೆ ಎಂದು ಷರಾ ಬರೆಯುವುದು ಸುಲಭ. ಆದರೆ ಅವರಲ್ಲಿ ಬಹಳ ಮಂದಿಯ ಕಷ್ಟ ನಂಬಿಕೆಯದ್ದಲ್ಲ. ನಾಲ್ಕು ಜನರೆದುರು ಏನು ಮಾಡಬೇಕೆಂದು ತಿಳಿಯದಿರುವುದು, ಅಥವಾ ನಾಲ್ಕು ಜನರೆದುರು ಹೇಳಲಾಗದ್ದನ್ನು ಹೇಳಬೇಕಾಗಿ ಬರುವುದು, ಇವೇ ಅವರನ್ನು ಬಾಗಿಲಲ್ಲಿ ನಿಲ್ಲಿಸುತ್ತವೆ. ಆ ಸಂಕೋಚವನ್ನು ಹುಟ್ಟಿಸುವುದು ಪೂಜಾವಿಧಿಯಲ್ಲ. ಪುರೋಹಿತರೂ ಸಂಘಟಕರೂ ಅದನ್ನು ನಡೆಸುವ ರೀತಿ.

ಮೊದಲ ಎಡವಟ್ಟು ಸಂಕಲ್ಪದಲ್ಲೇ, ಅಂದರೆ ಪೂಜೆಯನ್ನು ಯಾರು, ಯಾತಕ್ಕೆ ಮಾಡುತ್ತಿದ್ದಾರೆಂದು ಮೊದಲಿಗೆ ಹೇಳಿಕೊಳ್ಳುವಾಗಲೇ, ಆಗುತ್ತದೆ. ಬಲತೊಡೆಯ ಮೇಲೆ ಎಡ ಅಂಗೈ, ಅದರ ಮೇಲೆ ಅಕ್ಷತೆ ಹಿಡಿದ ಬಲ ಅಂಗೈ ಇಟ್ಟು ಎಲ್ಲರೂ ಕೂತಿರುತ್ತಾರೆ. 'ಗೋದಾವರ್ಯಾಃ ದಕ್ಷಿಣೇ ತೀರೇ, ಶಾಲಿವಾಹನ ಶಕೇ' ಎಂದು ದೇಶಕಾಲ ಮುಗಿಸಿದ ಪುರೋಹಿತರು ಮೈಕನ್ನು ಸಾಲಿನತ್ತ ಚಾಚಿ 'ಗೋತ್ರ ಹೇಳಿ, ನಕ್ಷತ್ರ ಹೇಳಿ' ಎನ್ನುತ್ತಾರೆ. ನಮ್ಮಲ್ಲಿ ಗೋತ್ರ ಎಂದರೆ ಬರೀ ಋಷಿಯ ಹೆಸರಲ್ಲ. ಭಾರದ್ವಾಜ ಎಂದರೆ ಒಂದು ಗುರುತು, ನಂದಿ, ಭೃಂಗಿ, ವೀರ, ವೃಷಭ, ಸ್ಕಂದ ಎಂದರೆ ಇನ್ನೊಂದು. ಶಿವಗೋತ್ರ, ವಿಷ್ಣುಗೋತ್ರ ಎಂದರೂ ಪಕ್ಕದವರು ಒಳಗೊಳಗೇ ಲೆಕ್ಕ ಹಾಕುತ್ತಾರೆ. ತುಳುನಾಡಿನ ಎಷ್ಟೋ ಮನೆಗಳಲ್ಲಿ ತಾಯಿಯ ಕಡೆಯಿಂದ ಬರುವ 'ಬಳಿ' ಎಂಬ ವಂಶದ ಹೆಸರು ಗೊತ್ತು, ಗೋತ್ರದ ಮಾತೇ ಇಲ್ಲ. ಏನೂ ಗೊತ್ತಿಲ್ಲದವರು ತಲೆ ತಗ್ಗಿಸುತ್ತಾರೆ. ಜಾತಿಯನ್ನು ನೇರವಾಗಿ ಕೇಳಲು ಯಾರೂ ಧೈರ್ಯ ಮಾಡದ ಸಭೆಯಲ್ಲಿ ಅದನ್ನೇ ಧ್ವನಿವರ್ಧಕದಲ್ಲಿ ಕೇಳಿದಂತಾಗುತ್ತದೆ.

ಇದರ ಅಗತ್ಯವೇ ಇಲ್ಲ. ಗೋತ್ರ ತಿಳಿಯದಿದ್ದರೆ ಕಾಶ್ಯಪ ಎನ್ನುವ ಸಂಪ್ರದಾಯ ಹಳೆಯದು. ಅದಕ್ಕಿಂತ ಸರಳವಾದದ್ದು ಸಂಕಲ್ಪದ ಮಾತಿನಲ್ಲೇ ಇದೆ. 'ಅಸ್ಮಾಕಂ ಸಹಕುಟುಂಬಾನಾಂ ಕ್ಷೇಮ ಸ್ಥೈರ್ಯ' ಎಂಬಲ್ಲಿ 'ಅಸ್ಮಾಕಂ' ಎಂದರೆ ನಮ್ಮೆಲ್ಲರ ಎಂದರ್ಥ. ಸಾಮೂಹಿಕ ಪೂಜೆಗೆ ಈ ಬಹುವಚನವೇ ಸಾಕು. ಪ್ರತ್ಯೇಕ ಹೆಸರು ಬೇಕೆನ್ನುವವರು ಹಿಂದಿನ ದಿನವೇ ಚೀಟಿಯಲ್ಲಿ ಬರೆದು ಕೊಡಲಿ, ಪುರೋಹಿತರು ಪ್ರಧಾನ ಕಲಶದ ಮುಂದೆ ಮೈಕಿಲ್ಲದೆ ಓದಲಿ. ಸಮಯದ ಲೆಕ್ಕವನ್ನೂ ನೋಡಿ: ಜೋಡಿಗೆ 20 ಸೆಕೆಂಡಿನಂತೆ 60 ಜೋಡಿಗೆ 20 ನಿಮಿಷ. ಅಷ್ಟು ಹೊತ್ತು ಮುಷ್ಟಿಯಲ್ಲಿ ಹಿಡಿದ ಅಕ್ಷತೆ ಬೆವರಿಗೆ ಅಂಗೈಗೆ ಅಂಟಿ, ನೀರು ಬಿಟ್ಟಾಗ ತಟ್ಟೆಗೆ ಬೀಳುವುದೇ ಇಲ್ಲ.

ಅಂಗಿ ಬಿಚ್ಚಿಸುವುದೂ ಇದೇ ಜಾತಿಗೆ ಸೇರಿದ್ದು. ಉಡುಪಿ, ಧರ್ಮಸ್ಥಳದಲ್ಲಿ ಗಂಡಸರು ಅಂಗಿ ತೆಗೆದು ಒಳಹೋಗುವುದು ಆ ಕ್ಷೇತ್ರಗಳ ಪದ್ಧತಿ, ಹೋಗುವವರಿಗೆ ಮೊದಲೇ ಗೊತ್ತಿರುತ್ತದೆ. ಕ್ಲಬ್‌ಹೌಸಿನಲ್ಲಿ ದಿಢೀರನೆ 'ಅಂಗಿ ತೆಗೆದು ಶಲ್ಯ ಹೊದೆಯಿರಿ' ಎಂದರೆ ಜನಿವಾರ ಇದ್ದವರು, ಇಲ್ಲದವರು ಒಂದೇ ಕ್ಷಣದಲ್ಲಿ ಎರಡು ಪಂಗಡವಾಗುತ್ತಾರೆ. ಶಸ್ತ್ರಚಿಕಿತ್ಸೆಯ ಗಾಯದ ಗುರುತು ಇರುವವರಿಗೂ, ಹದಿಹರೆಯದ ಹುಡುಗರಿಗೂ ಅದು ಹಿಂಸೆ. ಅಂಗಿಯ ಮೇಲೇ ಶಲ್ಯ ಹೊದೆದರೆ ಸಾಕು ಎಂದು ಆಮಂತ್ರಣದಲ್ಲೇ ಅಚ್ಚು ಹಾಕಿಸಬಹುದು.

ಇನ್ನು ಕೈಕೆಲಸ. ಶುದ್ಧಿಗೆಂದು ನೀರು ಗುಟುಕರಿಸುವ ಆಚಮನವನ್ನು ಯಾರೂ ಬಿಡಿಸಿ ಹೇಳುವುದಿಲ್ಲ, ಎಲ್ಲರಿಗೂ ಬರುತ್ತದೆ ಎಂದುಕೊಳ್ಳುತ್ತಾರೆ. ಉದ್ಧರಣೆಯನ್ನು, ಅಂದರೆ ಪೂಜೆಯ ಪುಟ್ಟ ಚಮಚವನ್ನು, ಹಿಡಿಯಬೇಕಾದದ್ದು ಎಡಗೈಯಲ್ಲಿ, ನೀರು ಬೀಳಬೇಕಾದದ್ದು ಬಲ ಅಂಗೈಗೆ. ಹೊಸಬರು ಸಹಜವಾಗಿ ಬಲಗೈಯಲ್ಲಿ ಉದ್ಧರಣೆ ಹಿಡಿದು ನೇರವಾಗಿ ಬಾಯಿಗಿಡುತ್ತಾರೆ, ಪಕ್ಕದ ಹಿರಿಯರು 'ಅಯ್ಯೋ ಎಂಜಲಾಯ್ತು' ಎನ್ನುತ್ತಾರೆ, ಅಲ್ಲಿಗೆ ಅವರ ಉತ್ಸಾಹ ಮುಗಿಯಿತು. ನೀರು ಎಷ್ಟು ಬೇಕು? ಒಂದು ಉದ್ದಿನಕಾಳು ಮುಳುಗುವಷ್ಟು. ತುಂಬಿದ ಉದ್ಧರಣೆಯನ್ನು ಬಗ್ಗಿಸಿದರೆ ಮೊಣಕೈಗೆ ಇಳಿದು ರೇಷ್ಮೆ ಸೀರೆ ಒದ್ದೆ. ಕೇಶವ, ನಾರಾಯಣ, ಮಾಧವ ಎಂದು ಮೂರು ಸಲ ಸದ್ದಾಗದಂತೆ ಕುಡಿದು, ಗೋವಿಂದ, ವಿಷ್ಣು ಎಂದಾಗ ಕೈ ತೊಳೆದರಾಯಿತು. ಆಚಮನಕ್ಕೊಂದು, ದೇವರಿಗೊಂದು ಎಂದು ಪ್ರತಿ ಜೋಡಿಗೆ ಎರಡು ಲೋಟ ಇಟ್ಟರೆ ಎಂಜಲಿನ ಮಾತೇ ಬರುವುದಿಲ್ಲ. ಖರ್ಚು ಉಳಿಸಲು ಒಂದೇ ಲೋಟ ಇಡುವುದರಿಂದಲೇ ಅರ್ಧ ಗಲಿಬಿಲಿ. ಪೂಜೆ ಶುರುವಾಗುವ ಮುಂಚೆ ಐದು ನಿಮಿಷ ಇದನ್ನು ಮಂತ್ರವಿಲ್ಲದೆ ಎಲ್ಲರಿಂದ ಒಮ್ಮೆ ಮಾಡಿಸಿ ನೋಡಿ. ಗೊತ್ತಿದ್ದವರೂ ಗೊತ್ತಿಲ್ಲದವರೂ ಒಟ್ಟಿಗೇ ಮಾಡುವುದರಿಂದ ಯಾರು ಹೊಸಬರೆಂದು ತಿಳಿಯುವುದಿಲ್ಲ.

ದೇವರಿಗೆ ಸಲ್ಲಿಸುವ ಹದಿನಾರು ಉಪಚಾರಗಳಲ್ಲಿ, ಅಂದರೆ ಷೋಡಶೋಪಚಾರದಲ್ಲಿ, ಆಗುವ ತೊಂದರೆ ವೇಗದ್ದು. ಮೈಕಿನಲ್ಲಿ ಪಂಚಾಮೃತ ಸ್ನಾನ ಮುಗಿದು ವಸ್ತ್ರಕ್ಕೆ ಬಂದಿರುತ್ತದೆ, ಏಳನೆಯ ಸಾಲಿನವರು ಇನ್ನೂ ಜೇನಿನ ಪೊಟ್ಟಣವನ್ನು ಹಲ್ಲಿನಲ್ಲಿ ಹರಿಯುತ್ತಿರುತ್ತಾರೆ. ಹಿಂದೆ ಬಿದ್ದವರು ಅತ್ತಿತ್ತ ನೋಡಿ, ಕೊನೆಗೆ ಮಾಡುವುದನ್ನೇ ಬಿಟ್ಟು ಕೈಕಟ್ಟಿ ಕೂರುತ್ತಾರೆ. ಮೊದಲು ಕನ್ನಡದಲ್ಲಿ 'ಈಗ ಎರಡು ಕಾಳು ಅಕ್ಷತೆ ತೆಗೆದುಕೊಳ್ಳಿ' ಎಂದು ಹೇಳಿ, ಎಲ್ಲರ ಕೈಗೂ ಬಂದ ಮೇಲೆ ಮಂತ್ರ ಹೇಳಬೇಕು. ಮಂತ್ರ ಮೊದಲು, ವಿವರಣೆ ಆಮೇಲೆ ಎಂದರೆ ಗೊಂದಲ ಖಂಡಿತ. ಹತ್ತು ಜೋಡಿಗೆ ಒಬ್ಬ ಸ್ವಯಂಸೇವಕರಿದ್ದರೆ ಒಳ್ಳೆಯದು. ಅವರು ಪಕ್ಕದಲ್ಲಿ ಕೂತು ತೋರಿಸಬೇಕು, ನಿಂತು ಗದರುವುದಲ್ಲ. ಯಾವುದಾದರೂ ವಸ್ತು ತಟ್ಟೆಯಲ್ಲಿ ಇಲ್ಲವೆಂದು ಗಾಬರಿಯಾಗುವವರಿಗೆ ಒಂದು ಮಾತು ಮೊದಲೇ ಹೇಳಿಡಿ: ವಸ್ತ್ರವಿಲ್ಲದಿದ್ದರೆ 'ವಸ್ತ್ರಾರ್ಥೇ ಅಕ್ಷತಾನ್ ಸಮರ್ಪಯಾಮಿ', ಆಭರಣವಿಲ್ಲದಿದ್ದರೂ ಅಕ್ಷತೆ. ಏನಿಲ್ಲದಿದ್ದರೂ ಅರಿಶಿನ ಹಚ್ಚಿದ ನಾಲ್ಕು ಕಾಳು ಅಕ್ಕಿ ಅದರ ಜಾಗ ತುಂಬುತ್ತದೆ.

ಕೂರುವ ವಿಷಯ. ಐದು ಅಧ್ಯಾಯ ಕಥೆ ಸೇರಿ ಎರಡರಿಂದ ಎರಡೂವರೆ ಗಂಟೆ ಆಗುತ್ತದೆ. ಮಂಡಿನೋವಿನವರಿಗೆ ಕುರ್ಚಿ ಹಾಕುವವರು ಎಲ್ಲ ಕುರ್ಚಿಗಳನ್ನೂ ಕಟ್ಟಕಡೆಗೆ, ಗೋಡೆಗೆ ಒತ್ತಿ ಹಾಕುತ್ತಾರೆ. ಹಾಗೆ ಮಾಡದೆ ಪ್ರತಿ ಸಾಲಿನ ತುದಿಗೆ ಎರಡು ಕುರ್ಚಿ, ಮುಂದೊಂದು ಚಿಕ್ಕ ಮೇಜು ಇಡಬಹುದು. ಸಾಲುಗಳ ನಡುವೆ ಮೂರು ಅಡಿ ದಾರಿ ಬಿಡಿ. ನಡುವೆ ಎದ್ದು ಹೋಗಬೇಕಾದವರು ಹತ್ತು ಜನರ ತಟ್ಟೆ ದಾಟಿ ಹೋಗುವ ಪಾಡು ತಪ್ಪುತ್ತದೆ. ನೋಡಲು ಮಾತ್ರ ಬಂದವರಿಗೂ ಜಾಗ ಇರಲಿ, ಕಥೆ ಕೇಳುವುದೂ ಪೂಜೆಯ ಅಂಗವೇ.

ಜೋಡಿ ಎಂಬ ಪದದ ಬಗ್ಗೆ ನನಗೆ ತೀವ್ರವಾದ ಆಕ್ಷೇಪವಿದೆ. 'ದಂಪತಿಗಳು ಮಾತ್ರ' ಎಂದು ಕರಪತ್ರದಲ್ಲಿ ಹಾಕಿದಾಗ ಗಂಡ ತೀರಿಕೊಂಡ ಹೆಂಗಸರು, ಮದುವೆಯಾಗದವರು, ಬೇರೆಯಾದವರು ಎಲ್ಲರೂ ಹೊರಗೆ. ಇದೇ ವ್ರತಕಥೆಯಲ್ಲಿ ಗಂಡನೂ ಅಳಿಯನೂ ರಾಜನ ಸೆರೆಯಲ್ಲಿದ್ದಾಗ ವರ್ತಕನ ಹೆಂಡತಿ ಲೀಲಾವತಿ ಬಂಧುಗಳೊಡನೆ ತಾನೇ ವ್ರತ ಮಾಡುತ್ತಾಳೆ, ಆ ವ್ರತದಿಂದಲೇ ಅವರ ಬಿಡುಗಡೆ. ಕಥೆಯಲ್ಲಿ ಬಡ ಬ್ರಾಹ್ಮಣನಿದ್ದಾನೆ, ಕಟ್ಟಿಗೆ ಮಾರುವವನಿದ್ದಾನೆ, ವರ್ತಕನಿದ್ದಾನೆ, ಗೊಲ್ಲರಿದ್ದಾರೆ. ಇವರೆಲ್ಲರನ್ನೂ ಒಳಗೆ ಕರೆದ ಕಥೆಯನ್ನು ಓದುವ ಸಭೆಯಲ್ಲಿ ಅರಿಶಿನ ಕುಂಕುಮದ ತಟ್ಟೆ ಒಬ್ಬರನ್ನು ಹಾರಿಸಿ ಮುಂದೆ ಹೋಗುವುದನ್ನು ಹೇಗೆ ಒಪ್ಪುವುದು? ತಟ್ಟೆ ಹಿಡಿದು ಓಡಾಡುವುದನ್ನೇ ನಿಲ್ಲಿಸಿ. ಬಾಗಿಲ ಬಳಿ ಮೇಜಿನ ಮೇಲೆ ಇಟ್ಟರೆ ಬೇಕಾದವರು ತಾವೇ ತೆಗೆದುಕೊಳ್ಳುತ್ತಾರೆ.

'ಯಾಕೆ ಕೂರಲ್ಲ?' ಎಂದು ಎರಡನೇ ಸಲ ಕೇಳಬೇಡಿ. ಮನೆಯಲ್ಲಿ ಸಾವಿನ ಸೂತಕವಿರಬಹುದು, ಮುಟ್ಟಿನ ದಿನವಿರಬಹುದು, ಗರ್ಭ ನಿಂತದ್ದನ್ನು ಇನ್ನೂ ಯಾರಿಗೂ ಹೇಳಿರಲಿಕ್ಕಿಲ್ಲ, ಬೇರೆ ಮತದವರನ್ನು ಮದುವೆಯಾಗಿರಬಹುದು, ನಂಬಿಕೆಯೇ ಇಲ್ಲದಿರಬಹುದು. 'ಬರುತ್ತೀರಾ?' ಎಂದು ಒಮ್ಮೆ ಕರೆಯುವುದು ಸೌಜನ್ಯ. ಮೈಕಿನಲ್ಲಿ ಹೆಸರು ಹಿಡಿದು ಕರೆಯುವುದು ಬಲವಂತ. ಮಂಗಳಾರತಿಯ ತಟ್ಟೆಯ ವಿಷಯದಲ್ಲೂ ಹಾಗೇ. ಒಬ್ಬರು ದೂರದಿಂದ ಕೈಮುಗಿದರೆ ತಟ್ಟೆ ಅವರ ಮುಂದೆ ನಿಂತು ಕಾಯಬಾರದು, ಮುಂದೆ ಸಾಗಬೇಕು. ಕಾಣಿಕೆಗೆ ಬೇರೆ ಹುಂಡಿ ಇಡಿ. ಆರತಿ ತಟ್ಟೆಯಲ್ಲಿ ಐನೂರರ ನೋಟು ಮೇಲೆ ಕಾಣುವಂತೆ ಜೋಡಿಸಿಕೊಂಡು ಬಂದರೆ ಹತ್ತು ರೂಪಾಯಿ ಹಿಡಿದವರು ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಮುಚ್ಚಿದ ಹಾಲಿನಲ್ಲಿ ಕರ್ಪೂರದ ಹೊಗೆ ಉಬ್ಬಸದವರಿಗೆ ಆಗದು, ತುಪ್ಪದ ಬತ್ತಿಯ ಆರತಿ ಸಾಕು.

ತೀರ್ಥ ಪ್ರಸಾದದ ಬಗ್ಗೆ ಭಯವೂ ಸಂಕೋಚವೂ ಸೇರಿಕೊಂಡಿದೆ. ಪ್ರಸಾದ ಬಿಟ್ಟು ಗಂಡನನ್ನು ನೋಡಲು ಓಡಿದ, ಲೀಲಾವತಿಯ ಮಗಳು ಕಲಾವತಿಯ ಕಥೆಯನ್ನು ಹೇಳಿ ಹೆದರಿಸುವುದು ಸಾಮಾನ್ಯ. ಹೆದರಿಸುವವರು ಕಥೆಯ ಉಳಿದ ಭಾಗ ಹೇಳುವುದಿಲ್ಲ. ಮನೆಗೆ ಹಿಂದಿರುಗಿ ಪ್ರಸಾದ ತಿಂದು ಬಂದದ್ದಷ್ಟೇ ಅವಳಿಗೆ ಪರಿಹಾರ, ಮುಳುಗಿದ ನೌಕೆಯೂ ಗಂಡನೂ ಮರಳಿದರು. ಪ್ರಸಾದವನ್ನು ನಿಜಕ್ಕೂ ತಿರಸ್ಕರಿಸಿದವನು ತುಂಗಧ್ವಜ ರಾಜ. ಗೊಲ್ಲರು ಮಾಡಿದ ಪೂಜೆಯ ಪ್ರಸಾದವೆಂದು ಬಿಟ್ಟು ಹೋದದ್ದು ಅವನ ದರ್ಪ. ಸಕ್ಕರೆ ಕಾಯಿಲೆಯವರು ಚಿಟಿಕೆ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರೆ ಅದು ದರ್ಪವಲ್ಲ.

ಸತ್ಯನಾರಾಯಣನ ಪ್ರಸಾದಕ್ಕೆ ಸಪಾದ ಎನ್ನುತ್ತೇವೆ, ಸಪಾದ ಎಂದರೆ ಒಂದೂಕಾಲು. ರವೆ, ಸಕ್ಕರೆ, ತುಪ್ಪ, ಹಾಲು, ಬಾಳೆಹಣ್ಣು ಇದೇ ಅಳತೆಯಲ್ಲಿ ಬೀಳುತ್ತವೆ. ಹಾಲನ್ನು ಮಾತ್ರ ಅಷ್ಟಕ್ಕೇ ನಿಲ್ಲಿಸಿದರೆ ರವೆ ಅರಳದೆ ಗಂಟಲಿಗೆ ಸಿಕ್ಕುತ್ತದೆ, ಇಮ್ಮಡಿಯಾದರೂ ಬೇಕು. ಅಷ್ಟು ಸಕ್ಕರೆ ತುಪ್ಪವಿರುವುದನ್ನು ದೊಡ್ಡ ಉಂಡೆ ಮಾಡಿ ಕೈಗಿಟ್ಟು 'ಬಿಡಬಾರದು' ಎನ್ನುವುದು ತಪ್ಪು, ಒಂದು ಚಮಚ ಸಾಕು. ಪಂಚಾಮೃತದಲ್ಲಿ ಜೇನಿದೆ. ಒಂದು ವರ್ಷ ತುಂಬದ ಕೂಸಿಗೆ ಅದನ್ನು ನೆಕ್ಕಿಸಲೇಬಾರದು. ಜೈನರು ಜೇನು ತಿನ್ನುವುದಿಲ್ಲ, ಅವರಿಗೆ ನೀರಿನ ತೀರ್ಥ ಬೇರೆ ಇರಲಿ. ಬೆಳಿಗ್ಗೆ ಕಲಸಿಟ್ಟ ಪಂಚಾಮೃತ ಮಧ್ಯಾಹ್ನದ ಸೆಕೆಗೆ ಕೆಡುತ್ತದೆ, ಹಾಲು ಮೊಸರನ್ನು ಕೊನೆಯ ಗಳಿಗೆಯಲ್ಲಿ ಬೆರೆಸಿ. ಕುಡಿಯಲು ಹಿಂಜರಿಯುವವರು ತಲೆಗೆ ಪ್ರೋಕ್ಷಿಸಿಕೊಂಡರೆ ಆಯಿತು. ದೇವರಿಗಿಟ್ಟದ್ದನ್ನು ತಿನ್ನದ ನೆರೆಮನೆಯ ಮುಸ್ಲಿಮರು, ಕ್ರೈಸ್ತರು ಬಂದಿದ್ದರೆ ನೈವೇದ್ಯಕ್ಕೆ ಮುಂಚೆಯೇ ಹಣ್ಣು, ಕೋಸಂಬರಿ ತೆಗೆದಿಡಿ. ಇದಕ್ಕೆ ಕೆಲವರು ಮುಖ ಸಿಂಡರಿಸಬಹುದು. ಕರೆದು ಉಪವಾಸ ಕಳಿಸುವುದಕ್ಕಿಂತ ಅದು ವಾಸಿ.

ಶಾಲೆಗಳಲ್ಲಿ ಶಾರದಾ ಪೂಜೆ, ಕಚೇರಿಗಳಲ್ಲಿ ಆಯುಧಪೂಜೆ ಮಾಡುವವರಿಗೂ ಒಂದು ಸೂಚನೆ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಿಕ್ಷಣ ಸಂಸ್ಥೆಯಲ್ಲಿ ಯಾರನ್ನೂ ಅವರ ಒಪ್ಪಿಗೆಯಿಲ್ಲದೆ, ಮಕ್ಕಳಾದರೆ ಪೋಷಕರ ಒಪ್ಪಿಗೆಯಿಲ್ಲದೆ, ಪೂಜೆಗೆ ಕೂರಿಸುವಂತಿಲ್ಲ ಎಂದು ಸಂವಿಧಾನದ 28ನೇ ವಿಧಿಯ 3ನೇ ಖಂಡ ಹೇಳುತ್ತದೆ. ಕಚೇರಿಯಲ್ಲಿ ಮೇಲಧಿಕಾರಿ ಕುಂಕುಮದ ಬಟ್ಟಲು ಹಿಡಿದು ಎದುರು ನಿಂತರೆ ಕೈಕೆಳಗಿನವರು ಬೇಡವೆನ್ನಲಾರರು. ಅಲ್ಲಿ ಬಟ್ಟಲು ಮೇಜಿನ ಮೇಲಿರಲಿ.

ಪೂಜೆಯ ಕೊನೆಗೆ ನಾವೆಲ್ಲ ಒಂದು ಶ್ಲೋಕ ಹೇಳುತ್ತೇವೆ: 'ಮಂತ್ರಹೀನಂ ಕ್ರಿಯಾಹೀನಂ ಭಕ್ತಿಹೀನಂ ಜನಾರ್ದನ, ಯತ್ಪೂಜಿತಂ ಮಯಾ ದೇವ ಪರಿಪೂರ್ಣಂ ತದಸ್ತು ತೇ'. ಮಂತ್ರ ತಪ್ಪಿರಬಹುದು, ಕ್ರಮ ತಪ್ಪಿರಬಹುದು, ಭಕ್ತಿಯೇ ಇಲ್ಲದಿರಬಹುದು, ಆದರೂ ನಾನು ಮಾಡಿದ್ದು ನಿನಗೆ ಪೂರ್ಣವಾಗಲಿ ಎಂದು ಅದರ ಅರ್ಥ. ಮೂರನೆಯ ಮಾತನ್ನು ಗಮನಿಸಿ, ಭಕ್ತಿ ಇಲ್ಲದವರನ್ನೂ ಅದು ಹೊರಗಿಟ್ಟಿಲ್ಲ. ಇದನ್ನು ಹೇಳುವ ಹೊತ್ತಿಗೆ ಅತ್ತ ಎಲೆ ಹಾಕುವ ಸದ್ದು ಕೇಳಿ ಜನ ಎದ್ದಿರುತ್ತಾರೆ, ಪುರೋಹಿತರೂ ಒಂದೇ ಉಸಿರಿಗೆ ಮುಗಿಸುತ್ತಾರೆ. ನನ್ನ ಸಹವೃತ್ತಿಯವರಲ್ಲಿ ವಿನಂತಿ: ಇದನ್ನು ಕೊನೆಗೆ ಉಳಿಸಬೇಡಿ. ಸಂಕಲ್ಪಕ್ಕೂ ಮುಂಚೆ, ಹಿಂದಿನ ಸಾಲಿನವರೂ ಬಾಗಿಲಲ್ಲಿ ನಿಂತವರೂ ಕೇಳುವಂತೆ, ಕನ್ನಡದಲ್ಲಿ ಒಮ್ಮೆ ಹೇಳಿ.

ಇಂತಿ,
ಸಾಮೂಹಿಕ ಪೂಜೆಗಳನ್ನು ನಡೆಸುವ ಒಬ್ಬ ಪುರೋಹಿತ,
ಶಿವಮೊಗ್ಗ ಜಿಲ್ಲೆ