ಚೆಕ್ ಅಂದರೆ ರಾಜ ಕಣೋ!

ಪ್ರಿಯ ಮಂಜು,

ಹಳ್ಳಕ್ಕೆ ಕಟ್ಟಿದ ಚೆಕ್ ಡ್ಯಾಂ, ಬ್ಯಾಂಕಿನ ಚೆಕ್, ನಿಮ್ಮಪ್ಪ ಉಡುವ ಚೆಕ್ಸ್ ಲುಂಗಿ, ಇವೆಲ್ಲ ಒಂದೇ ಪದವಾ ಅಂತ ಕೇಳಿದ್ದೀಯಲ್ಲ. ಹೌದು ಕಣೋ, ಒಂದೇ. ಮೂರಕ್ಕೂ ಮೂಲ ಪರ್ಶಿಯನ್ ಭಾಷೆಯ ‘ಶಾ’. ಅಂದರೆ ರಾಜ. ವಿಜಯಪುರದ ಆದಿಲ್ ಶಾ ಇದ್ದಾನಲ್ಲ, ಅದೇ ಶಾ.

ಚದುರಂಗ ನಮ್ಮ ದೇಶದಿಂದ ಪರ್ಶಿಯಾಕ್ಕೆ ಹೋಯಿತು. ಅಲ್ಲಿ ಎದುರಾಳಿಯ ರಾಜನ ಮೇಲೆ ಕಾಯಿ ಏರಿ ಹೋದಾಗ ‘ಶಾ!’ ಅಂತ ಎಚ್ಚರಿಸುತ್ತಿದ್ದರು. ಆಟ ಅರಬ್ಬರ ಕೈ ದಾಟಿ ಯುರೋಪಿಗೆ ಬಂತು. ಶಾ ಅನ್ನುವುದು ಲ್ಯಾಟಿನ್ನಿನಲ್ಲಿ ‘ಸ್ಕಾಕಸ್’ ಆಯಿತು, ಹಳೆಯ ಫ್ರೆಂಚಿನಲ್ಲಿ ‘ಎಶೆಕ್’, ಇಂಗ್ಲಿಷಿಗೆ ಬಂದಾಗ ‘ಚೆಕ್’. ಆ ಫ್ರೆಂಚ್ ಪದದ ಬಹುವಚನದಿಂದಲೇ ‘ಚೆಸ್’ ಹುಟ್ಟಿದ್ದು. ‘ಚೆಕ್‌ಮೇಟ್’ ಅನ್ನುವುದು ‘ಶಾ ಮಾತ್’. ರಾಜ ಸತ್ತ ಅಂತ ಅರ್ಥ ಹೇಳುವವರೇ ಜಾಸ್ತಿ. ಆದರೆ ಪರ್ಶಿಯನ್ನಿನಲ್ಲಿ ಮಾತ್ ಅಂದರೆ ದಿಕ್ಕು ತೋಚದೆ ನಿಂತವನು. ನನಗೆ ಇದೇ ಸರಿ ಅನಿಸುತ್ತದೆ. ಚೆಸ್ಸಿನಲ್ಲಿ ರಾಜನನ್ನು ಯಾರೂ ಹೊಡೆಯುವುದಿಲ್ಲ, ಅಲ್ವಾ? ಪಾಪ, ಅವನಿಗೆ ಹೋಗೋಕೆ ಮನೆ ಇರುವುದಿಲ್ಲ, ಅಷ್ಟೇ.

ರಾಜನಿಗೆ ಚೆಕ್ ಬಿದ್ದರೆ ನಿನ್ನ ಉಳಿದ ಲೆಕ್ಕಾಚಾರವೆಲ್ಲ ಅಲ್ಲಿಗೇ ನಿಂತಿತು. ಮೊದಲು ಅವನನ್ನು ಬಿಡಿಸಿಕೊಳ್ಳಬೇಕು. ಹಾಗಾಗಿ ಚೆಕ್ ಅಂದರೆ ತಡೆ ಅಂತ ಆಯಿತು. ಚೆಕ್ ಡ್ಯಾಂ ಮಾಡುವುದೂ ಅದನ್ನೇ, ಹರಿಯುವ ನೀರನ್ನು ತಡೆಯುವುದು. ತಡೆದು ಹಿಡಿತದಲ್ಲಿ ಇಟ್ಟುಕೊಂಡವರು ಸರಿಯಾಗಿದೆಯಾ ಅಂತ ನೋಡದೆ ಬಿಡುತ್ತಾರಾ? ಪರೀಕ್ಷಿಸು ಅನ್ನುವ ಅರ್ಥ ಹೀಗೆ ಸೇರಿಕೊಂಡಿತು. ಚೆಕ್ ಪೋಸ್ಟಿನಲ್ಲಿ ಲಾರಿಗೆ ಎರಡೂ ಆಗುತ್ತವೆ.

ಲುಂಗಿಯ ದಾರಿ ಬೇರೆ. ಅದು ಬಂದದ್ದು ಚೆಸ್ಸಿನ ಹಾಸಿನಿಂದ. ಲ್ಯಾಟಿನ್ನಿನಲ್ಲಿ ಚೆಸ್ ಹಾಸನ್ನು ‘ಸ್ಕಾಕಾರಿಯಂ’ ಅನ್ನುತ್ತಿದ್ದರು. ಅದೇ ಇಂಗ್ಲಿಷಿನಲ್ಲಿ ‘ಚೆಕರ್’ ಆಗಿ, ಚೌಕುಳಿ ಬಟ್ಟೆಗೆಲ್ಲ ಚೆಕ್ಸ್ ಅಂತ ಹೆಸರಾಯಿತು.

ಆ ಹಾಸಿನ ಹೆಸರು ಇನ್ನೊಂದು ಕಡೆಗೂ ಹೋಯಿತು. ನನಗೆ ತುಂಬಾ ಹಿಡಿಸಿದ್ದು ಇದೇ. 12ನೇ ಶತಮಾನದ ಇಂಗ್ಲೆಂಡಿನಲ್ಲಿ ರಾಜನ ಲೆಕ್ಕದ ಕಚೇರಿಗೆ ‘ಎಕ್ಸ್‌ಚೆಕರ್’ ಅಂತ ಹೆಸರು ಬಿತ್ತು. ಕಾರಣ, ಅಲ್ಲಿದ್ದ ಮೇಜು. ಖಜಾನೆಯ ಅಧಿಕಾರಿ ರಿಚರ್ಡ್ ಫಿಟ್ಜ್‌ನೀಲ್ 1170ರ ದಶಕದ ಕೊನೆಯಲ್ಲಿ ಅದು ಹೇಗಿತ್ತು ಅಂತ ಬರೆದಿಟ್ಟಿದ್ದಾನೆ. ಸುಮಾರು 10 ಅಡಿ ಉದ್ದ, 5 ಅಡಿ ಅಗಲ. ಇಟ್ಟದ್ದು ಕೆಳಗೆ ಬೀಳದ ಹಾಗೆ ಸುತ್ತಲೂ ನಾಲ್ಕು ಬೆರಳಿನಷ್ಟು ಎತ್ತರದ ಅಂಚು. ಮೇಲೆ ಗೆರೆ ಎಳೆದ ಕಪ್ಪು ಬಟ್ಟೆ. ಒಂದು ಸಾಲು ಪೆನ್ನಿ ನಾಣ್ಯಕ್ಕೆ, ಒಂದು ಶಿಲ್ಲಿಂಗಿಗೆ, ಒಂದು ಪೌಂಡಿಗೆ, ಹೀಗೆ ಸಾವಿರದವರೆಗೆ. ಬಿಲ್ಲೆಗಳನ್ನು ಇಟ್ಟು, ಎತ್ತಿ ಲೆಕ್ಕ ಮಾಡುತ್ತಿದ್ದರು. ನಮ್ಮ ದೇಶದ ಅಂಕಿಗಳು ಆ ಕಚೇರಿಯನ್ನು ಇನ್ನೂ ಮುಟ್ಟಿರಲಿಲ್ಲ. ರೋಮನ್ ಅಂಕಿಯಲ್ಲಿ ಕೂಡಿ ಕಳೆಯುವುದು ಅಂದರೆ ತಲೆನೋವು, ಬೇಕಾದರೆ ನೀನೇ ಮಾಡಿ ನೋಡು. ಮೇಜಿನ ಆ ಕಡೆ ತನ್ನ ಸೀಮೆಯ ಹಣ ವಸೂಲಿ ಮಾಡಿ ತಂದ ಶೆರಿಫ್. ಈ ಕಡೆ ಖಜಾಂಚಿ. ಇದು ಇಬ್ಬರ ನಡುವಿನ ಚೆಸ್ ಯುದ್ಧದ ಹಾಗೇ ಅಂತ ಫಿಟ್ಜ್‌ನೀಲನೇ ಹೇಳುತ್ತಾನೆ. ಬ್ರಿಟನ್ನಿನ ಹಣಕಾಸು ಮಂತ್ರಿಯನ್ನು ಇವತ್ತಿಗೂ ‘ಚಾನ್ಸಲರ್ ಆಫ್ ದಿ ಎಕ್ಸ್‌ಚೆಕರ್’ ಅಂತಲೇ ಕರೆಯುತ್ತಾರೆ.

ಬ್ಯಾಂಕಿನ ಚೆಕ್ ತಡವಾಗಿ ಬಂದದ್ದು. 18ನೇ ಶತಮಾನದ ಶುರುವಿನಲ್ಲಿ ಚೆಕ್ ಅಂದರೆ ಹಣದ ಚೀಟಿಯನ್ನು ಹರಿದು ಕೊಟ್ಟ ಮೇಲೆ ಉಳಿಯುವ ಕೌಂಟರ್‌ಫಾಯಿಲ್. ಯಾರಾದರೂ ಮೊತ್ತ ತಿದ್ದಿದ್ದಾರಾ ಅಂತ ತಾಳೆ ನೋಡಲು ಅದು ಬೇಕಿತ್ತು. ಆಮೇಲೆ ಹೆಸರು ಚೀಟಿಗೇ ಅಂಟಿತು. ಅಮೆರಿಕದವರು ಈಗಲೂ ಕೊನೆಗೆ ‘ಸಿ, ಕೆ’ ಹಾಕಿ ಬರೆಯುತ್ತಾರೆ. ಬ್ರಿಟಿಷರು ಎಕ್ಸ್‌ಚೆಕರ್‌ನ ನೆರಳಿನಲ್ಲಿ ‘ಕ್ಯೂ, ಯು, ಇ’ ಮಾಡಿಕೊಂಡರು. ಚೆಕ್ಕಿಗೆ ಸಂಬಂಧಿಸಿದ ನಮ್ಮ 1881ರ ಕಾಯ್ದೆಯೂ ಹಾಗೇ ಬರೆಯುತ್ತದೆ. ಚೆಕ್ ಬೌನ್ಸ್ ಆದರೆ ಎರಡು ವರ್ಷದವರೆಗೆ ಜೈಲು ಅನ್ನುವ 138ನೇ ಸೆಕ್ಷನ್ ಅದಕ್ಕೆ ಸೇರಿದ್ದು 1988ರಲ್ಲಿ.

ಇನ್ನು ನೀನು ಮುಂದಿನ ಸಲ ಕೇಳೇ ಕೇಳುತ್ತೀಯ ಅಂತ ಈಗಲೇ ಹೇಳಿಬಿಡುತ್ತೇನೆ. ಯುರೋಪಿನ ಚೆಕ್ ದೇಶಕ್ಕೂ ಇವಕ್ಕೂ ಏನೂ ಸಂಬಂಧವಿಲ್ಲ. ಅದು ಅಲ್ಲಿನ ಜನರ ಹೆಸರು. ಕನ್ನಡದಲ್ಲಿ ಬರೆದಾಗ ಒಂದೇ ಥರ ಕಾಣುತ್ತದೆ, ಅಷ್ಟೇ.

ಇಂತಿ ನಿನ್ನ,
ಶಿವು