ಮಾತ್ರೆ ಒಗ್ಗಿದ್ದು ದೇಹಕ್ಕಲ್ಲ, ಬ್ಯಾಕ್ಟೀರಿಯಾಕ್ಕೆ

ಮಾನ್ಯ ಸಂಪಾದಕರೇ,

ಮೊನ್ನೆ ನಮ್ಮ ಬೀದಿಯ ಮೆಡಿಕಲ್ ಶಾಪಿನಲ್ಲಿ ನಿಂತಿದ್ದೆ. ಪಕ್ಕದ ಹುಡುಗ ನೆಗಡಿಗೆ ಅಜಿತ್ರೊಮೈಸಿನ್ ಎಂಬ ಆಂಟಿಬಯೋಟಿಕ್ ಕೇಳಿದ. ‘ಮೊದಲಿನ ಮಾತ್ರೆ ನನ್ನ ಬಾಡಿಗೆ ಒಗ್ಗಿಹೋಗಿದೆ, ಕೆಲಸ ಮಾಡಲ್ಲ’ ಅಂದ. ಡಾಕ್ಟರ ಚೀಟಿ ಕೇಳದೆ ಮೂರು ಮಾತ್ರೆ ಕತ್ತರಿಸಿ ಕೊಟ್ಟರು.

ನೆಗಡಿ ಬರುವುದು ವೈರಸ್‌ನಿಂದ. ಅದಕ್ಕೆ ಬ್ಯಾಕ್ಟೀರಿಯಾವನ್ನು ಕೊಲ್ಲುವ ಆಂಟಿಬಯೋಟಿಕ್ ನಾಟುವುದೇ ಇಲ್ಲ. ಇನ್ನು ಒಗ್ಗುವುದು ದೇಹಕ್ಕಲ್ಲ, ಬ್ಯಾಕ್ಟೀರಿಯಾಕ್ಕೆ.

ಆಸ್ಪತ್ರೆಯ ಲ್ಯಾಬಿನಲ್ಲಿ 26 ವರ್ಷ ಬ್ಯಾಕ್ಟೀರಿಯಾ ಬೆಳೆಸುವ ಕಲ್ಚರ್ ಪ್ಲೇಟ್ ನೋಡಿದವಳು ನಾನು. ರೋಗಿಯ ಮೂತ್ರದಲ್ಲಿ ಸಿಕ್ಕ ಬ್ಯಾಕ್ಟೀರಿಯಾವನ್ನು ಪ್ಲೇಟಿನ ಮೇಲೆ ಸವರಿ, ಔಷಧಿ ಹೀರಿಸಿದ ಪುಟ್ಟ ಕಾಗದದ ಬಿಲ್ಲೆಗಳನ್ನು ಇಡುತ್ತಿದ್ದೆವು. ಔಷಧಿ ನಾಟಿದರೆ ಮರುದಿನ ಬಿಲ್ಲೆಯ ಸುತ್ತ ತಿಳಿಯಾದ ಉಂಗುರ ಕಾಣುತ್ತದೆ. ನಾಟದಿದ್ದರೆ ಬಿಲ್ಲೆಯ ಅಂಚಿನವರೆಗೂ ಮಬ್ಬಾಗಿ ಬೆಳೆದಿರುತ್ತದೆ. ನಿವೃತ್ತಿಗೆ ಮುಂಚಿನ ವರ್ಷಗಳಲ್ಲಿ ಒಂದೂ ಉಂಗುರವಿಲ್ಲದ ಪ್ಲೇಟ್ ಕೈಗೆ ಬಂದಾಗ, ರಿಪೋರ್ಟ್ ಬರೆಯಲು ಕೈ ಬರುತ್ತಿರಲಿಲ್ಲ. ಹೊರಗೆ ಬೆಂಚಿನ ಮೇಲೆ ಮನೆಯವರು ಕಾಯುತ್ತಿರುತ್ತಿದ್ದರು.

ಔಷಧಿಗೆ ಬಗ್ಗದ ಈ ಶಕ್ತಿ ಒಂದೇ ಬ್ಯಾಕ್ಟೀರಿಯಾದಲ್ಲಿ ಉಳಿಯುವುದಿಲ್ಲ. ಅದರೊಳಗೆ ಪ್ಲಾಸ್ಮಿಡ್ ಎಂಬ ಡಿಎನ್‌ಎ ಬಳೆ ಇರುತ್ತದೆ. ಹಲವು ಔಷಧಿಗಳನ್ನು ಸೋಲಿಸುವ ಜೀನ್‌ಗಳು ಆ ಒಂದೇ ಬಳೆಯಲ್ಲಿ ಸೇರಿಕೊಂಡಿರಬಹುದು. ಬಳೆಯ ನಕಲು ಮಾಡಿ ಪಕ್ಕದ ಬ್ಯಾಕ್ಟೀರಿಯಾಕ್ಕೆ ದಾಟಿಸುತ್ತದೆ, ಅದು ಬೇರೆ ಜಾತಿಯದಾದರೂ ಸರಿ. 1950ರ ದಶಕದಲ್ಲಿ ಜಪಾನಿನಲ್ಲಿ ರಕ್ತಭೇದಿ ತರುವ ಶಿಗೆಲ್ಲಾ ಬ್ಯಾಕ್ಟೀರಿಯಾ ನಾಲ್ಕು ಔಷಧಿಗೆ ಒಟ್ಟಿಗೆ ಬಗ್ಗದಾದಾಗಲೇ ಇದು ಗೊತ್ತಾಯಿತು. ರೋಗಿಗಳ ಕರುಳಲ್ಲಿ ಸುಮ್ನೆ ಇದ್ದ ಇ. ಕೋಲಿ ಎಂಬ ಬೇರೆ ಬ್ಯಾಕ್ಟೀರಿಯಾದಲ್ಲೂ ಅದೇ ಶಕ್ತಿ ಇತ್ತು! ಅಂದರೆ ಆ ಹುಡುಗ ಸುಮ್ನೆ ನುಂಗಿದ ಮಾತ್ರೆ ಅವನ ಕರುಳಲ್ಲಿ ಮಿಕ್ಕವನ್ನು ಕೊಂದು, ಬಳೆ ಇರುವ ಬ್ಯಾಕ್ಟೀರಿಯಾವನ್ನೇ ಉಳಿಸುತ್ತದೆ. ನಾಳೆ ಅದು ಅವನ ಅಜ್ಜಿಗೂ ಅಂಟಬಹುದು ಅಲ್ವಾ?

ಕೋಳಿ, ಹಂದಿಗಳಿಗೆ ಕೊಡುವ ಆಂಟಿಬಯೋಟಿಕ್‌ಗೂ ಇದೇ ಮಾತು. ಬೇರೇನೂ ನಾಟದಾಗ ಕೊಡುವ ಕೊಲಿಸ್ಟಿನ್‌ಗೂ ಬಗ್ಗದ ಜೀನ್ ಪ್ಲಾಸ್ಮಿಡ್‌ನಲ್ಲಿ ಕೂತಿರುವುದು 2015ರಲ್ಲಿ ಚೀನಾದಿಂದ ವರದಿಯಾಯಿತು. 2019ರಲ್ಲಿ ನಮ್ಮ ಸರ್ಕಾರವೂ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ಕೊಡುವುದನ್ನು ನಿಷೇಧಿಸಿತು. ಒಳ್ಳೆಯ ಕೆಲಸ.

ಚೀಟಿ ಇಲ್ಲದೆ ಆಂಟಿಬಯೋಟಿಕ್ ಮಾರುವವರನ್ನು ಹಿಡಿಯಲು ಕೇರಳದಲ್ಲಿ 2024ರಲ್ಲಿ ‘ಆಪರೇಷನ್ ಅಮೃತ್’ ಶುರುವಾಯಿತು. ನಮ್ಮಲ್ಲೂ ಅಂಥ ತಪಾಸಣೆ ನಡೆಯಲಿ. ತಾಲ್ಲೂಕು ಆಸ್ಪತ್ರೆಗಳಲ್ಲೆಲ್ಲ ಕಲ್ಚರ್ ಪರೀಕ್ಷೆ ಸಿಗಲಿ. ‘ಡಾಕ್ಟರ ಚೀಟಿ ಇಲ್ಲದೆ ನುಂಗಬೇಡಿ’ ಎಂದು ಎಚ್ಚರಿಸಲು ಆಂಟಿಬಯೋಟಿಕ್ ಸ್ಟ್ರಿಪ್ ಮೇಲೆ ಹಾಕಿರುವ ಕೆಂಪು ಗೆರೆಯ ಫೋಟೊವನ್ನು ನಿಮ್ಮ ಆರೋಗ್ಯ ಪುಟದಲ್ಲಿ ಒಮ್ಮೆ ದೊಡ್ಡದಾಗಿ ಹಾಕಿ. ಆ ಗೆರೆ ಯಾಕಿದೆ ಎಂದು ನಮ್ಮ ಬೀದಿಯಲ್ಲಿ ಕೇಳಿದೆ, ಯಾರಿಗೂ ಗೊತ್ತಿರಲಿಲ್ಲ.

– ನಿವೃತ್ತ ಲ್ಯಾಬ್ ಟೆಕ್ನೀಷಿಯನ್, ಹಾಸನ