ದುಡ್ಡು ಕಳಿಸುವುದಿಲ್ಲ, ನಾನೇ ಬರುತ್ತೇನೆ

ಪ್ರೀತಿಯ ಗೆಳೆಯಾ,

ಮೊನ್ನೆ ರಾತ್ರಿ ನೀನು ಕೇಳಿದ 30,000 ರೂಪಾಯಿ ಕಳಿಸುವುದಿಲ್ಲ. ಹಿಂದೆ ಎರಡು ಸಲ ಕೊಟ್ಟೆ. ಮೀಟರ್ ಬಡ್ಡಿಯವನು ಮನೆ ಬಾಗಿಲಿಗೆ ಬಂದು ನಿಂತಿದ್ದಾನೆ ಎಂದಾಗ ಕೊಡದೆ ಇರಲು ಆಗಲಿಲ್ಲ. ಸಾಲ ತೀರಿದ ವಾರವೇ ನೀನು ಮತ್ತೆ ಆನ್‌ಲೈನ್ ಜೂಜಾಡಿದೆ. ತಪ್ಪು ನಿನ್ನದೊಂದೇ ಅಲ್ಲ. ನನ್ನ ತಮ್ಮನಿಗೂ ನಾನು ಹೀಗೇ ಮಾಡಿದ್ದೆ. ಆ ವಿಷಯ ನಿನಗೆ ಪೂರ್ತಿ ಹೇಳಿರಲಿಲ್ಲ, ಈಗ ಹೇಳುತ್ತೇನೆ.

ಅವನಿಗೆ ಕಾಮಾಲೆ ಆಗಿತ್ತು ಅಂದಿದ್ದೆವಲ್ವಾ? ಸುಳ್ಳು. ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ, ಚಟ ಬಿಡಿಸುವ ವಾರ್ಡಿನಲ್ಲಿ ಮೂರು ವಾರ ಇದ್ದ. ಜೊತೆಗೆ ಮನೆಯವರೊಬ್ಬರು ಇರಬೇಕು ಅಂದರು. ನಾನು ಉಳಿದೆ.

ಅಕ್ಕಪಕ್ಕದ ಹಾಸಿಗೆಯವರೆಲ್ಲ ಕುಡಿತ ಬಿಡಲು ಬಂದವರು. 'ನಾನು ಕುಡಿಯೋದೇ ಇಲ್ಲ, ನನ್ನನ್ನು ಯಾಕೆ ಇಲ್ಲಿ ಹಾಕಿದ್ದೀರಿ' ಎಂದು ತಮ್ಮ ರೇಗಾಡಿದ. ಫೋನ್ ನನ್ನ ಕೈಗೆ ಬಂದಿತ್ತು. ಎರಡನೇ ರಾತ್ರಿ ಅವನಿಗೆ ನಿದ್ದೆಯೇ ಬರಲಿಲ್ಲ. ವರಾಂಡದಲ್ಲಿ ಅತ್ತಿಂದಿತ್ತ ಓಡಾಡಿದ, ಬೆವರಿದ, ಸಣ್ಣ ಮಾತಿಗೂ ಸಿಡಿದ. ಪಕ್ಕದ ಹಾಸಿಗೆಯ ಹಿರಿಯರು ನೋಡುತ್ತಿದ್ದವರು, 'ನನಗೂ ಮೊದಲ ವಾರ ಹೀಗೇ ಇತ್ತು ತಮ್ಮಾ' ಅಂದರು. ಅಲ್ಲಿಂದ ಅವನ ರೇಗಾಟ ಇಳಿಯಿತು.

ಅವರು ಕಂಡಿದ್ದು ಸರಿಯೇ. ಅಮೆರಿಕದ ಮನೋವೈದ್ಯರು ಜೂಜಿನ ಚಟವನ್ನು 1980ರಲ್ಲೇ ಕಾಯಿಲೆಗಳ ಪಟ್ಟಿಗೆ ಸೇರಿಸಿದ್ದರು. 2013ರಲ್ಲಿ ಅದನ್ನು ಕುಡಿತ, ಡ್ರಗ್ಸ್ ಚಟಗಳ ಸಾಲಿಗೇ ತಂದರು. 'ಮನಸ್ಸು ಗಟ್ಟಿ ಮಾಡ್ಕೋ' ಎಂದು ನಿನಗೆ ಎಷ್ಟು ಸಲ ಹೇಳಿದ್ದೇನೋ. ಕ್ಷಮಿಸು.

ಜೂಜಿಗೆಂದೇ ಒಂದು ಮಾತ್ರೆ ಇಲ್ಲ. ಕೆಲವರಿಗೆ ಕುಡಿತದ ಚಟಕ್ಕೆ ಕೊಡುವ ನಾಲ್ಟ್ರೆಕ್ಸೋನ್ ಕೊಡುತ್ತಾರೆ, ಖಿನ್ನತೆ ಇದ್ದರೆ ಅದಕ್ಕೆ ಔಷಧಿ. ಜಾಸ್ತಿ ಕೆಲಸ ಮಾತಿನಲ್ಲೇ ನಡೆಯುತ್ತದೆ. ಆಡಬೇಕು ಅನ್ನಿಸಿದಾಗಲೆಲ್ಲ ಹೊತ್ತು ಯಾವುದು, ಏನು ಯೋಚನೆ ಬಂತು ಎಂದು ತಮ್ಮನಿಂದ ಬರೆಸುತ್ತಿದ್ದರು. ರಾತ್ರಿ ಊಟದ ನಂತರ, ಸಂಬಳದ ದಿನ, ಯಾರಾದರೂ ಬೈದ ಮೇಲೆ. ಆ ಪುಸ್ತಕದಲ್ಲಿ 'ಒಂದೇ ಎಲೆ ತಪ್ಪಿತು' ಎಂಬ ಮಾತು ಎಷ್ಟು ಕಡೆ ಇತ್ತು ಗೊತ್ತಾ? ರಮ್ಮಿಯಲ್ಲಿ ಒಂದೇ ಎಲೆಗೆ ಸೋತರೂ ಮಿದುಳಿಗೆ ಅದು ಗೆಲುವು ಹತ್ತಿರ ಬಂದ ಹಾಗೆ ತೋರುತ್ತದಂತೆ. ಹೋದ ದುಡ್ಡು ಇನ್ನೊಂದು ಆಟದಲ್ಲಿ ವಾಪಸ್ ಬರುತ್ತದೆ ಎಂದು ನೀನೂ ಅಂದೆಯಲ್ಲ, ಅದೂ ಇದೇ ಬೇರಿನದು.

ನನಗೆ ಕಷ್ಟವಾಗಿದ್ದು ಮನೆಯವರನ್ನು ಕೂರಿಸಿಕೊಂಡು ಮಾತಾಡಿದ ದಿನ. ಸೋಷಿಯಲ್ ವರ್ಕರ್ ನನ್ನನ್ನೇ ಕೇಳಿದರು: 'ನೀವು ಎಷ್ಟು ಸಲ ಸಾಲ ತೀರಿಸಿದ್ದೀರಿ?' ಬೆರಳು ಮಡಚಿ ಎಣಿಸಿದೆ. ಐದು. ಅವರು ಬೈಯಲಿಲ್ಲ. ಸುಮ್ನೆ ಒಂದು ಬಿಳಿ ಹಾಳೆ ಕೊಟ್ಟು, ಯಾರಿಗೆ ಎಷ್ಟು ಕೊಡಬೇಕೋ ಎಲ್ಲ ಬರೆಯಲು ತಮ್ಮನಿಗೆ ಹೇಳಿದರು. ಕೈಸಾಲ, ಎರಡು ಲೋನ್ ಆಪ್, ಕೊನೆಯ ಸಾಲಿನಲ್ಲಿ ಗಿರವಿ ಇಟ್ಟ ಅಮ್ಮನ ಅವಲಕ್ಕಿ ಸರ. ಸರ ಬೀರುವಿನಲ್ಲೇ ಇದೆ ಅಂದುಕೊಂಡಿದ್ದ ಅಮ್ಮ ಆ ಸಾಲನ್ನು ಬೆರಳಿಟ್ಟು ಎರಡು ಸಲ ಓದಿದರು. ಆಮೇಲೆ ಅವನ ತಲೆ ಸವರಿದರು. ಎರಡು ವರ್ಷದಲ್ಲಿ ಅವನು ಅತ್ತಿದ್ದು ನಾನು ಕಂಡಿದ್ದು ಅದೇ ಮೊದಲು. ಆ ದಿನದಿಂದ ಎಟಿಎಂ ಕಾರ್ಡ್ ಅಮ್ಮನ ಹತ್ತಿರ, ಅವನ ಫೋನಿನಲ್ಲಿ ಯುಪಿಐ ಇಲ್ಲ. ಸಾಲವನ್ನು ಅವನೇ ದುಡಿದು ಕಂತಿನಲ್ಲಿ ತೀರಿಸುತ್ತಿದ್ದಾನೆ.

ಮನೆಗೆ ಬಂದ ಎರಡನೇ ತಿಂಗಳು ಅವನು ಒಮ್ಮೆ ಆಡಿದ. ಮುಚ್ಚಿಡಲಿಲ್ಲ. ಮರುದಿನ ತಾನೇ ಓಪಿಡಿಗೆ ಹೋದ.

2025ರಲ್ಲಿ ಕೇಂದ್ರ ಸರ್ಕಾರ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದಾಗ ನಿನಗಿನ್ನು ಬಿಡುಗಡೆ ಅಂದುಕೊಂಡಿದ್ದೆ. ಕ್ರಿಕೆಟ್ ಬೆಟ್ಟಿಂಗಿಗೆ ಐಡಿ ಕೊಡುವವರು ಇನ್ನೂ ಇದ್ದಾರೆ ಎಂದು ಮೊನ್ನೆ ನೀನೇ ಹೇಳಿದೆ.

ಎಲ್ಲರೂ ಅಡ್ಮಿಟ್ ಆಗಬೇಕಿಲ್ಲ, ಎಷ್ಟೋ ಜನರಿಗೆ ಓಪಿಡಿ ಸಾಕು. ಆದರೆ ನೀನು ಈಗ ಆಟದ ಜೊತೆ ಕುಡಿಯುತ್ತಿದ್ದೀಯ. 'ನಾನೇ ಇಲ್ಲದಿದ್ದರೆ ಎಲ್ಲ ಸರಿಹೋಗುತ್ತದೆ' ಎಂದು ಬೇರೆ ಅಂದೆ. ನೇರವಾಗಿ ಕೇಳುತ್ತೇನೆ, ಸಾಯುವ ಯೋಚನೆ ಬರುತ್ತಿದೆಯಾ? ಬಂದರೆ ಯಾವ ಹೊತ್ತಾದರೂ ನನಗೆ ಫೋನ್ ಮಾಡು. ನಾನು ಎತ್ತದಿದ್ದರೆ 14416ಕ್ಕೆ ಮಾಡು. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಕೂಡಿಹಾಕುತ್ತಾರೆ ಎಂಬ ಹೆದರಿಕೆ ಬೇಡ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ನೀನಾಗಿ ಸೇರಿದರೆ ನೀನಾಗಿ ಹೊರಡಬಹುದು. ಅಪಾಯ ಕಂಡರೆ ಪರೀಕ್ಷೆ ಮಾಡಲು ವೈದ್ಯರು 24 ಗಂಟೆ ತಡೆಯಬಹುದು. ನಿಮ್ಹಾನ್ಸ್‌ನಲ್ಲಿ ಚಟಗಳ ಚಿಕಿತ್ಸೆಗೆಂದೇ ಕೇಂದ್ರವಿದೆ. ಆನ್‌ಲೈನ್ ಚಟಕ್ಕೆ 2014ರಿಂದ ಶಟ್ ಕ್ಲಿನಿಕ್ ಕೂಡ ಇದೆ. ಮೊದಲು ಅಲ್ಲಿ ತೋರಿಸೋಣ. ಸೇರಬೇಕೋ ಬೇಡವೋ ಅವರೇ ಹೇಳಲಿ.

ಸೇರಿಸಿಕೊಂಡರೆ ನಿನ್ನ ಜೊತೆ ನಾನು ಉಳಿಯುತ್ತೇನೆ. ಮೂರು ವಾರ ರಜೆ ಕೇಳಿದ್ದೇನೆ. ಭಾನುವಾರ ರಾತ್ರಿ ಬಸ್ಸಿಗೆ ಬಾ, ಬೆಳಿಗ್ಗೆ ಮೆಜೆಸ್ಟಿಕ್‌ನಲ್ಲಿ ನಿಂತಿರುತ್ತೇನೆ. ಆಧಾರ್ ಕಾರ್ಡ್, ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಚೀಟಿ ಇರಲಿ. ಬೆಡ್‌ಶೀಟ್, ಫ್ಲಾಸ್ಕು ನಾನು ತರುತ್ತೇನೆ. ಸಾಲದ ಪಟ್ಟಿ ಈಗಲೇ ಬರೆಯಬೇಡ, ಅಲ್ಲಿ ಕೂತು ಬರೆಯೋಣ.

ನಿನ್ನ ಗೆಳೆಯ